ಡಿಜೆ ಮತ್ತು ಲ್ಯಾಪ್‌ಟಾಪ್ ಪ್ರದರ್ಶನ 'ನೇರ ವಾದನ' ವಿಭಾಗಕ್ಕೆ ಸಲ್ಲುತ್ತದೆಯೇ? ತೀರ್ಪುಗಾರರು ಏನನ್ನು ನೋಡಬೇಕು?

ತಾಳಪಟ್ಟಿ (ಪ್ರಶ್ನೆ)

ಸಂಗೀತ ಸ್ಪರ್ಧೆಯೊಂದಕ್ಕೆ ನಿಯಮ ಬರೆಯುವ ಕೆಲಸ ನಡೆದಿದೆ. 'ನೇರ ವಾದನ' ವಿಭಾಗಕ್ಕೆ ಗಿಟಾರ್, ಡ್ರಮ್ಸ್, ಕೀಬೋರ್ಡ್‌ನವರ ಜೊತೆ ಈ ಸಲ ಡಿಜೆಗಳೂ ಲ್ಯಾಪ್‌ಟಾಪ್‌ನಲ್ಲಿ ನುಡಿಸುವವರೂ ಅರ್ಜಿ ಹಾಕಿದ್ದಾರೆ. ಸಮಿತಿಯಲ್ಲಿ ಒಮ್ಮತವಿಲ್ಲ. 'ಹಾಡು ಇನ್ಯಾರೋ ಮಾಡಿಟ್ಟದ್ದು, ಇವರು ಪ್ಲೇ ಒತ್ತುತ್ತಾರೆ, ಇದರಲ್ಲಿ ವಾದನ ಎಲ್ಲಿ ಬಂತು' ಎಂದು ಕೆಲವರ ವಾದ. 'ಉಪಕರಣ ಯಾವುದಾದರೇನು, ಕೈಚಳಕ ಇದೆಯೋ ಇಲ್ಲವೋ ನೋಡಿ' ಎಂದು ಉಳಿದವರು.

ನನಗೆ ಬೇಕಿರುವುದು ತೀರ್ಪುಗಾರರ ಕೈಗೆ ಕೊಡಬಹುದಾದ ಮಾನದಂಡ. ವೇದಿಕೆಯ ಮೇಲೆ ನಿಜವಾಗಿ ನಡೆಯುವ ಕೆಲಸ ಯಾವುದು? ಎರಡು ಹಾಡುಗಳ ಬೀಟ್ ತಾನಾಗಿ ಹೊಂದಿಸುವ ಸಿಂಕ್ ಗುಂಡಿ ಒತ್ತಿದರೆ ಅಂಕ ಕಳೆಯಬೇಕೇ? ಮೊದಲೇ ರೆಕಾರ್ಡ್ ಮಾಡಿದ ಸೆಟ್ (ಇಡೀ ಪ್ರದರ್ಶನ) ಹಾಕಿ ಸುಮ್ಮನೆ ಗುಂಡಿ ತಿರುಗಿಸುತ್ತಿದ್ದರೆ ಪತ್ತೆ ಹಚ್ಚುವುದು ಹೇಗೆ? ಬಲ್ಲವರು ವಿವರವಾಗಿ ಬರೆಯಿರಿ, ಉದ್ದವಾದರೂ ಪರವಾಗಿಲ್ಲ.

---

ಪಿಚ್‌ಫೇಡರ್

ಸಿಂಕ್ ಇಲ್ಲದೆ ಎರಡು ಟ್ರ್ಯಾಕ್ ಕೂಡಿಸುವಾಗ ಕಿವಿ, ಕೈ ಏನು ಮಾಡುತ್ತವೆ ಎನ್ನುವುದನ್ನು ಮೊದಲು ಸಮಿತಿಯ ಮುಂದಿಡಿ. ಮಿಕ್ಕ ಚರ್ಚೆ ಅದರ ಮೇಲೆ ನಿಲ್ಲುತ್ತದೆ.

ಸ್ಪೀಕರ್‌ನಲ್ಲಿ 128 ಬಿಪಿಎಂನ (ನಿಮಿಷಕ್ಕೆ 128 ಬೀಟ್) ಟ್ರ್ಯಾಕ್ ಓಡುತ್ತಿದೆ ಎನ್ನಿ. ಒಂದು ಬೀಟ್‌ಗೆ 468.75 ಮಿಲಿಸೆಕೆಂಡ್. ಮುಂದಿನ ಟ್ರ್ಯಾಕ್ 128.1ರಲ್ಲಿದ್ದರೆ ನಿಮಿಷಕ್ಕೆ ಬೀಟ್‌ನ ಹತ್ತನೇ ಒಂದು ಪಾಲು, ಅಂದರೆ ಸುಮಾರು 47 ಮಿಲಿಸೆಕೆಂಡ್ ಜಾರುತ್ತದೆ. ಎರಡು ಕಿಕ್‌ಗಳ (ಬೇಸ್ ಡ್ರಮ್ ಪೆಟ್ಟು) ನಡುವೆ 25–30 ಮಿಲಿಸೆಕೆಂಡ್ ಅಂತರ ಬಿದ್ದರೆ ಪಳಗದ ಕಿವಿಗೂ 'ದಡದಡ' ಎಂದು ಜೋಡಿ ಪೆಟ್ಟು ಕೇಳಿಸುತ್ತದೆ. ಹಾಗಾಗಿ 0.1 ಬಿಪಿಎಂ ತಪ್ಪಿದರೂ ಅರ್ಧ ನಿಮಿಷದ ಆಸುಪಾಸಿನಲ್ಲಿ ಮಿಶ್ರಣ ಕೆಡಲು ಶುರು. ಅದಕ್ಕೂ ಮೊದಲೇ ಬೇಸ್ ಕೆಡುತ್ತದೆ: 50 ಹರ್ಟ್ಜ್ ಅಲೆಯ ಒಂದು ಸುತ್ತು 20 ಮಿಲಿಸೆಕೆಂಡ್, ಎರಡು ಕಿಕ್‌ಗಳು 10 ಮಿಲಿಸೆಕೆಂಡ್ ಹಿಂದುಮುಂದಾದರೆ ಆ ಸ್ವರ ಒಂದನ್ನೊಂದು ಅಳಿಸುತ್ತದೆ. ಜೋಡಿ ಪೆಟ್ಟು ಇನ್ನೂ ಕೇಳಿಸದಿದ್ದರೂ ಬೇಸ್ ತೆಳ್ಳಗಾಗಿರುತ್ತದೆ. ಅನುಭವಿಗಳು ಎರಡು ಟ್ರ್ಯಾಕ್‌ಗಳ ಬೇಸನ್ನು ಒಟ್ಟಿಗೆ ಬಿಡದೆ, ಒಂದರ ಲೋ ಈಕ್ಯೂ (ಬೇಸ್ ಏರಿಸಿ ಇಳಿಸುವ ಗುಂಡಿ) ಪೂರ್ತಿ ಇಳಿಸಿ ಇನ್ನೊಂದರದನ್ನು ಬಾರ್‌ನ (ನಾಲ್ಕು ಬೀಟ್‌ಗಳ ಗುಂಪು) ಮೊದಲ ಬೀಟ್‌ಗೆ ಸರಿಯಾಗಿ ಏರಿಸುವುದು ಇದಕ್ಕೇ.

ಕೈಯಲ್ಲಿ ಹೊಂದಿಸುವ ಕ್ರಮ ಹೀಗೆ. ಬರುವ ಟ್ರ್ಯಾಕಿನ ಮೊದಲ ಕಿಕ್ ಮೇಲೆ ಕ್ಯೂ, ಅಂದರೆ ಶುರುವಾಗುವ ಜಾಗದ ಗುರುತು, ಇಡುತ್ತಾರೆ. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ಬೂತ್ ಮಾನಿಟರ್‌ಗೆ (ಡಿಜೆ ಪಕ್ಕದ ಸ್ಪೀಕರ್). ಓಡುತ್ತಿರುವ ಟ್ರ್ಯಾಕಿನ ಬಾರ್ ಶುರುವಾಗುವಾಗ ಬಿಡುತ್ತಾರೆ. ಹಿಂದೆ ಬಿದ್ದರೆ ತಟ್ಟೆಯನ್ನು ಬೆರಳಿನಿಂದ ಮುಂದಕ್ಕೆ ತಳ್ಳುತ್ತಾರೆ, ಮುಂದೆ ಓಡಿದರೆ ಅಂಚಿಗೆ ಬೆರಳು ತಾಗಿಸಿ ತಡೆಯುತ್ತಾರೆ. ಹೊಸಬರು ಎಡವುವುದು ಇಲ್ಲೇ. ತಳ್ಳಿದರೆ ಸ್ಥಾನ ಮಾತ್ರ ಸರಿಯಾಯಿತು, ವೇಗ ಹಾಗೆಯೇ ಉಳಿದಿದೆ. ಮತ್ತೆ ಮತ್ತೆ ಮುಂದಕ್ಕೇ ತಳ್ಳಬೇಕಾಗಿ ಬಂದರೆ ಟ್ರ್ಯಾಕ್ ನಿಧಾನವಿದೆ ಎಂದು ಅರ್ಥ, ಆಗ ವೇಗ ಬದಲಿಸುವ ಪಿಚ್ ಫೇಡರ್ ಸರಿಸಬೇಕು. ದೊಡ್ಡ ಸರಿತದಿಂದ ಶುರುಮಾಡಿ ಪ್ರತಿ ಸಲ ಅರ್ಧ ಅರ್ಧ ಕಡಿಮೆ ಮಾಡುತ್ತ ಬಂದರೆ ಬೇಗ ಕೂಡುತ್ತದೆ.

1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್‌ನಲ್ಲಿ (ರೆಕಾರ್ಡ್ ತಿರುಗಿಸುವ ಯಂತ್ರ) ಪಿಚ್ ಫೇಡರ್‌ನ ವ್ಯಾಪ್ತಿ ಎರಡೂ ಕಡೆಗೆ ಶೇ. 8. ವೇಗ ಶೇ. 6ರಷ್ಟು ಬದಲಾದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಏರುತ್ತದೆ ಅಥವಾ ಇಳಿಯುತ್ತದೆ. ಶೇ. 3 ತಳ್ಳಿದರೆ ಇನ್ನೂ ಕಷ್ಟ, ಎರಡು ಶ್ರುತಿಗಳ ನಡುವೆ ಸಿಕ್ಕಿಬಿದ್ದಂತಾಗಿ ಎರಡು ಟ್ರ್ಯಾಕ್‌ಗಳ ರಾಗಭಾಗ ಒಟ್ಟಿಗೆ ಬಂದಾಗ ಕರ್ಕಶ. ಕೀ ಲಾಕ್ ಹಾಕಿದರೆ ಶ್ರುತಿ ಕದಲುವುದಿಲ್ಲ, ಆದರೆ ವೇಗ ಹೆಚ್ಚು ಬದಲಿಸಿದಷ್ಟೂ ಡ್ರಮ್ಸ್‌ನ ಪೆಟ್ಟು ಮೊನೆ ಕಳೆದುಕೊಳ್ಳುತ್ತದೆ. ಎಲ್ಲಿ ಯಾವುದನ್ನು ಬಿಟ್ಟುಕೊಡಬೇಕು ಎಂದು ಕಿವಿಯೇ ಹೇಳಬೇಕು.

ಇನ್ನು ಸಿಂಕ್. ಅದು ಮಾಡುವುದು ವೇಗ ಹೊಂದಿಸಿ ಬೀಟ್‌ಗೆ ಬೀಟ್ ಕೂರಿಸುವ ಕೆಲಸ. ಅದಕ್ಕೆ ಆಧಾರ ಸಾಫ್ಟ್‌ವೇರ್ ಮೊದಲೇ ಲೆಕ್ಕಹಾಕಿದ ಬೀಟ್‌ಗ್ರಿಡ್, ಅಂದರೆ ಬೀಟ್‌ಗಳು ಎಲ್ಲೆಲ್ಲಿ ಬರುತ್ತವೆ ಎಂಬ ನಕ್ಷೆ. ಗ್ರಿಡ್ ತಪ್ಪಿದ್ದರೆ ಸಿಂಕ್ ಕೂಡ ಅಷ್ಟೇ ನಿಖರವಾಗಿ ತಪ್ಪುತ್ತದೆ. 174ರ ಟ್ರ್ಯಾಕನ್ನು 87 ಎಂದು ಓದುವುದು, ಬೀಟ್‌ಗಳ ನಡುವೆ ಬರುವ ಹೈಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳ) ಮೇಲೆ 'ಒಂದು' ಎಂದು ಗುರುತು ಹಾಕುವುದು, ಮನುಷ್ಯ ಡ್ರಮ್ಸ್ ಬಾರಿಸಿದ ಹಳೆಯ ರೆಕಾರ್ಡಿಂಗ್‌ನಲ್ಲಿ ವೇಗ ತೂಗಾಡುವಾಗ ನೇರ ಗ್ರಿಡ್ ಎಳೆಯುವುದು, ಇವು ಸಾಮಾನ್ಯ. ಫ್ರೇಸ್ (ಹಾಡಿನ ಒಂದೊಂದು ಖಂಡ) ಯಾವುದೆಂದು ಸಿಂಕ್‌ಗೆ ಗೊತ್ತಿಲ್ಲ. ಕುಣಿತದ ಸಂಗೀತ ಬಹುಪಾಲು 8 ಬಾರ್‌ಗಳ, 32 ಬೀಟ್‌ಗಳ ಘಟಕದಲ್ಲಿ ಕಟ್ಟಿರುತ್ತದೆ. 128ರಲ್ಲಿ ಅದು ಸರಿಯಾಗಿ 15 ಸೆಕೆಂಡ್. ಆ ಗಡಿ ತಪ್ಪಿ ಶುರುಮಾಡಿದರೆ ಬೀಟ್ ಕೂಡಿದ್ದರೂ ಒಂದರ ಪಲ್ಲವಿಯ ನಡುವೆ ಇನ್ನೊಂದರ ಖಾಲಿ ಭಾಗ ಬಂದು ಬೀಳುತ್ತದೆ.

ನನ್ನ ಅಭಿಪ್ರಾಯ: ಸಿಂಕ್ ಒತ್ತಿದ್ದಕ್ಕೆ ಅಂಕ ಕಳೆಯಬೇಡಿ, ಉಳಿಸಿದ ಗಮನವನ್ನು ಎಲ್ಲಿ ಖರ್ಚು ಮಾಡಿದರು ಎಂದು ಕೇಳಿ. ಸಿಂಕ್ ಹಾಕಿ ನಾಲ್ಕು ಡೆಕ್‌ಗಳನ್ನು (ಹಾಡು ಓಡಿಸುವ ಯಂತ್ರ) ಒಟ್ಟಿಗೆ ಕಟ್ಟಿದವರಿಗೆ ಅಂಕ ಕೊಡಿ. ಸಿಂಕ್ ಹಾಕಿ ಕೈ ಮೇಲೆತ್ತಿ ನಿಂತವರಿಗೆ ಕೊಡಲು ಏನೂ ಇರುವುದಿಲ್ಲ.

---

ಶ್ರುತಿಬದ್ಧ

ಮೇಲಿನ ವಿವರ ಸರಿಯಾಗಿದೆ, ಆದರೂ ನನ್ನ ಆಕ್ಷೇಪ ಹಾಗೇ ಇದೆ. ಇದು ಕೌಶಲವೇ, ನೇರವಾಗಿಯೇ ನಡೆಯುತ್ತದೆ, ಸಂದೇಹವಿಲ್ಲ. ಆದರೆ ಪಿಟೀಲು ನುಡಿಸುವವರು ಪ್ರತಿ ಸ್ವರದ ಹುಟ್ಟು, ಏರಿಳಿತ, ಮುಕ್ತಾಯ ಮೂರನ್ನೂ ಆ ಕ್ಷಣದಲ್ಲಿ ಮಾಡುತ್ತಾರೆ. ಬೆರಳು ಒಂದೆರಡು ಮಿಲಿಮೀಟರ್ ಜರುಗಿದರೆ ಸ್ವರ ತಪ್ಪಿತು. ಎರಡು ಟ್ರ್ಯಾಕ್ ಬೆರೆಸುವ ಡಿಜೆ ಗಂಟೆಗೆ 15ರಿಂದ 20 ಸಲ ಬದಲಾವಣೆ ಮಾಡುತ್ತಾರೆ. ನಡುವಿನ ಹೊತ್ತಿನಲ್ಲಿ ಕೇಳಿಸುವ ಸ್ವರ, ನಾದ, ಲಯ ಎಲ್ಲವೂ ಇನ್ನೊಬ್ಬರವು. ಎಷ್ಟು ಕ್ಷಣಗಳಲ್ಲಿ ತಪ್ಪಾಗುವ ಸಾಧ್ಯತೆಯಿದೆ ಎಂಬ ಸಾಂದ್ರತೆ ಎರಡರಲ್ಲೂ ಒಂದೇ ಅಲ್ಲ. ಒಂದೇ ಅಂಕಪಟ್ಟಿಯಲ್ಲಿ ಇಬ್ಬರನ್ನೂ ಕೂರಿಸಿದರೆ ಇಬ್ಬರಿಗೂ ಅನ್ಯಾಯ.

ಕಾನೂನು ಬೇರೆ ದಾರಿ ಹಿಡಿದಿದೆ, ಅದನ್ನೂ ಹೇಳಬೇಕು. ಜರ್ಮನಿಯ ಅತ್ಯುಚ್ಚ ತೆರಿಗೆ ನ್ಯಾಯಾಲಯ 2020ರಲ್ಲಿ, ಟೆಕ್ನೋ ರಾತ್ರಿಗಳ ಪ್ರವೇಶ ಶುಲ್ಕಕ್ಕೂ ಸಂಗೀತ ಕಛೇರಿಯ ಕಡಿಮೆ ತೆರಿಗೆ ದರ ಸಲ್ಲಬಹುದು ಎಂದಿತು. ಡಿಜೆಗಳು ಟರ್ನ್‌ಟೇಬಲ್, ಮಿಕ್ಸರ್‌ಗಳನ್ನು ವಾದ್ಯದಂತೆ ಬಳಸಿ ಹೊಸ ಧ್ವನಿಕ್ರಮ ಕಟ್ಟುತ್ತಾರೆ ಎಂಬುದು ಅದರ ತರ್ಕ. ಬ್ರಿಟನ್ನಿನಲ್ಲಿ 2016ರಿಂದ ಎಕ್ಯುಎ ಪರೀಕ್ಷಾ ಮಂಡಳಿಯ ಜಿಸಿಎಸ್‌ಇ (ಶಾಲಾ ಮಟ್ಟದ) ಸಂಗೀತ ಪರೀಕ್ಷೆಯಲ್ಲಿ ಡೆಕ್‌ಗಳನ್ನೂ ವಾದನಕ್ಕೆ ಬಳಸಬಹುದು. ನಾನು ಇವನ್ನು ಒಪ್ಪುತ್ತೇನೆ. ಬಾಗಿಲು ತೆರೆಯಿರಿ, ವಿಭಾಗ ಮಾತ್ರ ಬೇರೆ ಮಾಡಿ ಎಂಬುದು ನನ್ನ ಮಾತು.

---

ಸ್ಲಿಪ್‌ಮ್ಯಾಟ್

ಶ್ರುತಿಬದ್ಧ ಅವರೇ, ಸಾಂದ್ರತೆಯ ಮಾತು ಒಳ್ಳೆಯದು, ಆದರೆ ಅದು ಬೆರೆಸುವ ಡಿಜೆಗಳಿಗೆ ಮಾತ್ರ ಅನ್ವಯಿಸುತ್ತದೆ. ರೆಕಾರ್ಡನ್ನೇ ವಾದ್ಯದಂತೆ ಕೈಯಿಂದ ನುಡಿಸುವ ಟರ್ನ್‌ಟೇಬಲಿಸ್ಟ್‌ಗಳನ್ನು ಆ ಗುಂಪಿಗೆ ಸೇರಿಸಬೇಡಿ.

ಸ್ಕ್ರಾಚ್‌ನಲ್ಲಿ, ಅಂದರೆ ರೆಕಾರ್ಡನ್ನು ಹಿಂದೆ ಮುಂದೆ ಸರಿಸಿ ಧ್ವನಿ ಹೊರಡಿಸುವುದರಲ್ಲಿ, ಒಂದು ಕೈ ರೆಕಾರ್ಡ್ ಮೇಲೆ, ಇನ್ನೊಂದು ಕ್ರಾಸ್‌ಫೇಡರ್ (ಧ್ವನಿಯನ್ನು ಒಂದು ಡೆಕ್‌ನಿಂದ ಇನ್ನೊಂದಕ್ಕೆ ಸರಿಸುವ ಜಾರುಗುಂಡಿ) ಮೇಲೆ. ರೆಕಾರ್ಡ್ ತಳ್ಳುವ ವೇಗದಿಂದ ಸ್ವರದ ಎತ್ತರ, ಫೇಡರ್ ತೆರೆದು ಮುಚ್ಚುವುದರಿಂದ ಸ್ವರದ ಹುಟ್ಟು, ಸಾವು. ಬೇಬಿ ಸ್ಕ್ರಾಚ್‌ಗೆ ಫೇಡರ್ ಬೇಡ, ಹಿಂದೆ ಮುಂದೆ ಅಷ್ಟೇ. ಟ್ರಾನ್ಸ್‌ಫಾರ್ಮರ್‌ನಲ್ಲಿ ಫೇಡರ್ ಮುಚ್ಚಿಟ್ಟು ತೆರೆದು ತೆರೆದು ಧ್ವನಿಯನ್ನು ತುಂಡು ಮಾಡುತ್ತಾರೆ. ಫ್ಲೇರ್ ಅದರ ತಿರುವು: ಫೇಡರ್ ತೆರೆದೇ ಇರುತ್ತದೆ, ಚಲನೆಯ ನಡುವೆ ಕ್ಷಣಮಾತ್ರ ಮುಚ್ಚುತ್ತದೆ. ಒಂದು ಕ್ಲಿಕ್‌ನ ಫ್ಲೇರ್‌ನಲ್ಲಿ ಮುಂದಕ್ಕೆ ಎರಡು, ಹಿಂದಕ್ಕೆ ಎರಡು, ಒಟ್ಟು ನಾಲ್ಕು ಧ್ವನಿ. ಕ್ರ್ಯಾಬ್‌ನಲ್ಲಿ ಹೆಬ್ಬೆರಳು ಸ್ಪ್ರಿಂಗ್‌ನಂತೆ ಎದುರೊತ್ತುವಾಗ ಉಳಿದ ಬೆರಳುಗಳು ಒಂದರ ಹಿಂದೊಂದು ಫೇಡರ್ ತಟ್ಟುತ್ತವೆ, ಒಂದೇ ಚಲನೆಯಲ್ಲಿ ಮೂರು ನಾಲ್ಕು ತುಂಡು. ತೀರ್ಪುಗಾರರು ಆಲಿಸಬೇಕಾದ್ದು ಆ ತುಂಡುಗಳು ಸಮ ಅಂತರದಲ್ಲಿವೆಯೇ ಎಂದು. ವೇಗ ಹೆಚ್ಚಾದಾಗ ಕೊನೆಯ ತುಂಡು ನುಂಗಿಹೋಗುವುದು ಅಭ್ಯಾಸ ಸಾಲದ ಗುರುತು.

ಬೀಟ್ ಜಗ್ಲಿಂಗ್‌ನ ಲೆಕ್ಕ ಇನ್ನೂ ಸ್ಪಷ್ಟ. 33⅓ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತು) ರೆಕಾರ್ಡ್ ಒಂದು ಸುತ್ತಿಗೆ 1.8 ಸೆಕೆಂಡ್ ತೆಗೆದುಕೊಳ್ಳುತ್ತದೆ. 100 ಬಿಪಿಎಂನ ಟ್ರ್ಯಾಕ್ ಆದರೆ ಬೀಟ್‌ಗೆ 0.6 ಸೆಕೆಂಡ್, ಸುತ್ತಿಗೆ ಮೂರು ಬೀಟ್. ಎರಡು ಬಾರ್‌ಗಳ ಬ್ರೇಕ್ (ಡ್ರಮ್ಸ್ ಮುಂದಾಗಿ ಕೇಳಿಸುವ ತುಣುಕು) ಎಂದರೆ 8 ಬೀಟ್, ಸರಿಯಾಗಿ ಎರಡು ಸುತ್ತು ಮತ್ತು ಮೂರನೇ ಎರಡು ಭಾಗ. ಒಂದು ರೆಕಾರ್ಡ್ ಆ 4.8 ಸೆಕೆಂಡ್ ನುಡಿಯುತ್ತಿರುವಾಗ ಅದೇ ಹಾಡಿನ ಇನ್ನೊಂದು ಪ್ರತಿಯನ್ನು ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿ ತಯಾರಿಡಬೇಕು, ಮತ್ತೆ ಫೇಡರ್ ಆಚೆ, ಮತ್ತೆ ಈಚೆ. ಲೇಬಲ್ ಮೇಲೆ ಅಂಟಿಸಿದ ಸ್ಟಿಕ್ಕರ್ ಯಾವ ಕೋನದಲ್ಲಿ ನಿಲ್ಲಬೇಕು ಎನ್ನುವುದೇ ದಾರಿ ತೋರುವ ಗುರುತು. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ 1973ರ ಹೊತ್ತಿಗೆ ಡಿಜೆ ಕೂಲ್ ಹರ್ಕ್ ಎರಡು ಟರ್ನ್‌ಟೇಬಲ್ ಬಳಸಿ ಬ್ರೇಕ್ ಉದ್ದ ಮಾಡುತ್ತಿದ್ದರು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ರೆಕಾರ್ಡ್ ಮೇಲೆ ಗುರುತು ಹಾಕಿ ಅದನ್ನು ನಿಖರ ಮಾಡಿದರು. ಗ್ರ್ಯಾಂಡ್ ವಿಝರ್ಡ್ ಥಿಯೋಡೋರ್ ಸ್ಕ್ರಾಚ್ ಕಂಡುಕೊಂಡರು.

ಇದಕ್ಕೆ ವಾದ್ಯದ ಸ್ಥಾನ ಬೇಕೆನ್ನುವವರಿಗೆ ಇನ್ನೊಂದು: ಸಂಯೋಜಕ ಗೇಬ್ರಿಯಲ್ ಪ್ರೊಕೊಫೀವ್ 2006ರಲ್ಲಿ ಟರ್ನ್‌ಟೇಬಲ್ ಮತ್ತು ಆರ್ಕೆಸ್ಟ್ರಾಗೆ ಕನ್ಸರ್ಟೊ ಬರೆದರು, 2011ರಲ್ಲಿ ಅದು ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಯಿತು. ಅಮೆರಿಕದ ಸಂಯೋಜಕ ಜಾನ್ ಕೇಜ್ ವೇಗ ಬದಲಿಸಬಹುದಾದ ಟರ್ನ್‌ಟೇಬಲ್‌ಗಳನ್ನು 1939ರಲ್ಲೇ ಕೃತಿಯೊಂದರಲ್ಲಿ ಬಳಸಿದ್ದರು.

ಆಯೋಜಕರಿಗೆ ಪ್ರಾಯೋಗಿಕ ಮಾತು. ಸ್ಕ್ರಾಚ್ ಸ್ಪರ್ಧಿ ವಿನೈಲ್ ತರುತ್ತಿದ್ದರೆ ಮೇಜು ಅಲುಗಾಡಬಾರದು, ಸಬ್‌ವೂಫರ್ ಇಟ್ಟ ಹಲಗೆಯ ಮೇಲೆ ಮೇಜು ಇರಲೇಬಾರದು. ಬೇಸ್‌ನ ಕಂಪನ ಸೂಜಿಗೆ ತಲುಪಿ ಗುಂಯ್ ಎನ್ನುತ್ತ ಏರುತ್ತ ಹೋಗುತ್ತದೆ, ಅಥವಾ ಸೂಜಿ ಹಾರುತ್ತದೆ. ಸ್ಕ್ರಾಚ್‌ಗೆ ಸೂಜಿಯ ಒತ್ತಡ ಸಾಮಾನ್ಯವಾಗಿ 3 ಗ್ರಾಮ್ ಆಸುಪಾಸು. ನೆಲದ ತಂತಿಯನ್ನು ಮಿಕ್ಸರ್‌ನ ಗ್ರೌಂಡ್ ತಿರುಪಿಗೆ ಕಟ್ಟದಿದ್ದರೆ ಒಂದೇ ಸಮನೆ ಹಮ್ ಬರುತ್ತದೆ. ಈ ಮೂರು ಕಾರಣಕ್ಕೆ ಸೆಟ್ ಕೆಟ್ಟರೆ ಅಂಕ ಕಳೆಯುವುದು ಸರಿಯಲ್ಲ.

---

ಬಫರ್128

ಲ್ಯಾಪ್‌ಟಾಪ್ ಕಡೆಯಿಂದ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಇಲ್ಲಿ ಕಷ್ಟ ಏನೆಂದರೆ ಒಂದೇ ಪೆಟ್ಟಿಗೆಯಲ್ಲಿ ಪೂರ್ತಿ ರೆಕಾರ್ಡ್ ಆದ ಕಾರ್ಯಕ್ರಮವೂ ಇರಬಹುದು, ಸೊನ್ನೆಯಿಂದ ಕಟ್ಟುವ ಕಾರ್ಯಕ್ರಮವೂ ಇರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ಏಬಲ್‌ಟನ್ ಲೈವ್ ಎಂಬ ಸಂಗೀತ ಸಾಫ್ಟ್‌ವೇರ್ 2001ರಲ್ಲಿ ಬಂತು. ಅದರ ಸೆಷನ್ ವ್ಯೂನಲ್ಲಿ ತುಣುಕುಗಳನ್ನು ಕ್ಲಿಪ್ ಎಂದು ಜೋಡಿಸಿಟ್ಟು ಬೇಕಾದಾಗ ಬಿಡಬಹುದು. ತೀರ್ಪುಗಾರರು ತಿಳಿದಿರಬೇಕಾದ ಒಂದೇ ಸೆಟ್ಟಿಂಗ್ ಎಂದರೆ ಲಾಂಚ್ ಕ್ವಾಂಟೈಸೇಶನ್. ಅದು 1 ಬಾರ್‌ಗೆ ಇದ್ದರೆ ಬಾರ್‌ನ ಯಾವ ಕ್ಷಣದಲ್ಲಿ ಗುಂಡಿ ಒತ್ತಿದರೂ ಕ್ಲಿಪ್ ಮುಂದಿನ ಬಾರ್‌ನ ಆರಂಭಕ್ಕೇ ಶುರುವಾಗುತ್ತದೆ. 120 ಬಿಪಿಎಂನಲ್ಲಿ ಹೀಗೆ ಎರಡು ಸೆಕೆಂಡ್‌ಗಳವರೆಗೆ ಮಾಫಿ ಸಿಗುತ್ತದೆ. ಅಂಥ ಸೆಟ್‌ನಲ್ಲಿ ಲಯಕ್ಕೆ ಅಂಕ ಕೊಡುವುದು ತಪ್ಪು, ಕಟ್ಟಡಕ್ಕೆ ಮಾತ್ರ ಕೊಡಿ: ಯಾವಾಗ ಏನನ್ನು ತಂದರು, ಏನನ್ನು ತೆಗೆದರು. ಕ್ವಾಂಟೈಸೇಶನ್ ಆಫ್ ಮಾಡಿ ಪ್ಯಾಡ್ ಮೇಲೆ ಬೆರಳಿನಿಂದ ಡ್ರಮ್ಸ್ ನುಡಿಸುವವರಿಗೆ ಡ್ರಮ್ಮರ್‌ಗೆ ಹಾಕುವ ಅಳತೆಗೋಲನ್ನೇ ಹಾಕಿ, ಏಕೆಂದರೆ ಪ್ರತಿ ಪೆಟ್ಟಿನ ಸಮಯವೂ ಜೋರೂ ಅವರವೇ.

ನೇರವಾಗಿ ಲೂಪ್ ಕಟ್ಟುವವರಲ್ಲಿ, ಅಂದರೆ ತಾವು ನುಡಿಸಿದ ತುಣುಕನ್ನು ಅಲ್ಲೇ ರೆಕಾರ್ಡ್ ಮಾಡಿ ಸುತ್ತಿ ಸುತ್ತಿ ಓಡಿಸುವವರಲ್ಲಿ, ಮೊದಲ ಲೂಪ್ ಮುಚ್ಚುವ ಕ್ಷಣ ನಿರ್ಣಾಯಕ. ಗ್ರಿಡ್ ಇಲ್ಲದ ಲೂಪರ್‌ನಲ್ಲಿ 40 ಮಿಲಿಸೆಕೆಂಡ್ ತಡವಾಗಿ ಒತ್ತಿದರೆ ಆ ಕುಂಟು ಪ್ರತಿ ಸುತ್ತಿನಲ್ಲೂ ಮರಳುತ್ತದೆ, ಮೇಲೆ ಕಟ್ಟಿದ ಎಲ್ಲ ಪದರಗಳೂ ಅದಕ್ಕೇ ಹೊಂದಿಕೊಳ್ಳಬೇಕಾಗುತ್ತದೆ. ತಪ್ಪಿದ್ದು ಗೊತ್ತಾದ ಕೂಡಲೇ ಅಳಿಸಿ ಹೊಸದಾಗಿ ಶುರುಮಾಡುವವರನ್ನು ಮೆಚ್ಚಬೇಕು.

ಲೈವ್ ಕೋಡಿಂಗ್ ಇನ್ನೊಂದು ತುದಿ. ಸೂಪರ್‌ಕೊಲೈಡರ್, ಟೈಡಲ್‌ಸೈಕಲ್ಸ್, ಸೋನಿಕ್ ಪೈ ಇಂಥ ಪರಿಸರದಲ್ಲಿ ಸಂಗೀತವನ್ನು ಕೋಡ್ ಆಗಿ ಅಲ್ಲೇ ಬರೆಯುತ್ತಾರೆ, ನಡೆಯುತ್ತಿರುವಾಗಲೇ ತಿದ್ದುತ್ತಾರೆ. 2004ರಲ್ಲಿ ಹುಟ್ಟಿದ ಟಾಪ್‌ಲ್ಯಾಪ್ ಎಂಬ ಬಳಗದ ಮುಖ್ಯ ಬೇಡಿಕೆಯೇ ಪರದೆಯನ್ನು ಪ್ರೇಕ್ಷಕರಿಗೆ ತೋರಿಸಬೇಕು ಎಂಬುದು. ಟೈಡಲ್‌ನಲ್ಲಿ ವ್ಯಾಕರಣ ತಪ್ಪಿದರೆ ಹಳೆಯ ವಿನ್ಯಾಸ ಓಡುತ್ತಲೇ ಇರುತ್ತದೆ, ಸಂಗೀತ ನಿಲ್ಲುವುದಿಲ್ಲ, ಹಾಗಾಗಿ ದೋಷ ಕಿವಿಗೆ ಕೇಳಿಸದು, ಪರದೆಯಲ್ಲಿ ಮಾತ್ರ ಕಾಣುತ್ತದೆ. ಅಪಾಯ ಬೇರೆ ಕಡೆ ಇದೆ. ಒಂದು ಸಂಖ್ಯೆಯಲ್ಲಿ ದಶಮಾಂಶ ಬಿಂದು ತಪ್ಪಿದರೆ ಧ್ವನಿ ಹತ್ತು ಪಟ್ಟು, ಅಂದರೆ 20 ಡೆಸಿಬೆಲ್ ಜಿಗಿಯಬಹುದು. ಇವರ ಔಟ್‌ಪುಟ್‌ಗೆ ಲಿಮಿಟರ್ (ಧ್ವನಿ ಮಿತಿ ಮೀರದಂತೆ ತಡೆಯುವ ಸಾಧನ) ಕಡ್ಡಾಯ ಮಾಡಿ.

ಲೇಟೆನ್ಸಿ (ಒತ್ತುವುದಕ್ಕೂ ಕೇಳಿಸುವುದಕ್ಕೂ ನಡುವಿನ ತಡ) ಬಗ್ಗೆ: 44.1 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಬಫರ್ ಎಂದರೆ 2.9 ಮಿಲಿಸೆಕೆಂಡ್, 512 ಎಂದರೆ 11.6. ಪ್ಯಾಡ್ ನುಡಿಸುವವರಿಗೆ ಎರಡನೆಯದು ಬೆರಳಿಗೆ ಗೊತ್ತಾಗುತ್ತದೆ. ಆದರೆ ಗಾಳಿಯಲ್ಲಿ ಧ್ವನಿ ಒಂದು ಮೀಟರ್ ಸಾಗಲು ಸುಮಾರು 2.9 ಮಿಲಿಸೆಕೆಂಡ್ ಬೇಕು, ಸ್ಪೀಕರ್ 10 ಮೀಟರ್ ದೂರವಿದ್ದರೆ 29. ಸ್ಪರ್ಧಿ ತಿಂಗಳುಗಟ್ಟಲೆ ಬಫರ್ ಇಳಿಸಿ ಪಳಗಿದ್ದನ್ನು ವೇದಿಕೆಯ ಮೇಲೆ ಮಾನಿಟರ್ ಇಡದೆ ನೀವು ಒಂದೇ ಏಟಿಗೆ ಹಾಳುಮಾಡಬಹುದು. ಡಿಜೆಗಳಿಗೂ ಇದೇ ಮಾತು.

ದೊಡ್ಡ ವೇದಿಕೆಗಳಲ್ಲಿ ಸೆಟ್ ಪೂರ್ತಿ ನಿಗದಿಯಾಗಿರುವುದಕ್ಕೆ ಕಾರಣ ಬಹಳ ಸಲ ಸೋಮಾರಿತನವಲ್ಲ. ಬೆಳಕು, ವಿಡಿಯೋ, ಬೆಂಕಿಯ ಜ್ವಾಲೆ ಎಲ್ಲವನ್ನೂ ಟೈಮ್‌ಕೋಡ್‌ಗೆ (ಎಲ್ಲ ಯಂತ್ರಗಳಿಗೂ ಒಂದೇ ಸಮಯ ಹೇಳುವ ಸಂಕೇತ) ಕಟ್ಟಿದಾಗ ಹಾಡಿನ ಕ್ರಮ ಬದಲಿಸುವಂತಿಲ್ಲ. ಆ ಕೌಶಲ ಸ್ಟುಡಿಯೋದಲ್ಲಿ ಖರ್ಚಾಗಿದೆ, ಅದಕ್ಕೆ ಬೆಲೆ ಇದೆ, ಆದರೆ ನಿಮ್ಮ ವಿಭಾಗದಲ್ಲಿ ಅಲ್ಲ. ಕಿವಿಯಲ್ಲಿ ಕ್ಲಿಕ್ (ತಾಳದ ಟಿಕ್ ಟಿಕ್) ಹಾಕಿಕೊಂಡು ಬ್ಯಾಕಿಂಗ್ ಟ್ರ್ಯಾಕ್ ಮೇಲೆ ನುಡಿಸುವ ಬ್ಯಾಂಡ್‌ಗೂ ಇದೇ ನಿಯಮ ಹಾಕಿ. ಅವರನ್ನು ಬಿಟ್ಟು ಲ್ಯಾಪ್‌ಟಾಪ್‌ನವರನ್ನು ಮಾತ್ರ ಹಿಡಿದರೆ ನಿಯಮಕ್ಕೆ ಅರ್ಥವಿಲ್ಲ.

---

ತಾಳಪಟ್ಟಿ

ಎಲ್ಲರಿಗೂ ಧನ್ಯವಾದ. ಶ್ರುತಿಬದ್ಧ ಅವರ ಸಲಹೆಯಂತೆ ವಿಭಾಗ ಬೇರೆ ಮಾಡುವ ಯೋಚನೆಯಿದೆ, ಸ್ಕ್ರಾಚ್‌ನವರನ್ನು ಮಾತ್ರ ವಾದ್ಯದವರ ಜೊತೆಗೇ ಉಳಿಸಿಕೊಳ್ಳುತ್ತೇವೆ. ಇನ್ನೆರಡು ಸಂದೇಹ. ಮನೆಯಲ್ಲಿ ನೂರು ಸಲ ಅಭ್ಯಾಸ ಮಾಡಿ ಒಂದೇ ಒಂದು ಹೆಜ್ಜೆಯೂ ಬದಲಾಗದಂತೆ ನುಡಿಸುವ ಸೆಟ್ 'ನೇರ' ಆಗುತ್ತದೆಯೇ? ಮತ್ತೆ, ರೆಕಾರ್ಡ್ ಆದದ್ದನ್ನು ಪತ್ತೆ ಹಚ್ಚುವ ಬಗೆ ಯಾರೂ ಹೇಳಲಿಲ್ಲ.

---

ಸ್ಲಿಪ್‌ಮ್ಯಾಟ್

ಮೊದಲನೆಯದಕ್ಕೆ: ಖಂಡಿತ ಆಗುತ್ತದೆ. ಡಿಎಂಸಿ ಎಂಬ ಡಿಜೆಗಳ ವಿಶ್ವ ಸ್ಪರ್ಧೆಯ ಆರು ನಿಮಿಷದ ರೊಟೀನ್‌ಗಳು ಪ್ರತಿ ಚಲನೆಯೂ ನಿಗದಿಯಾದವೇ. ಪಿಯಾನೋ ವಾದಕರೂ ಬರೆದಿಟ್ಟ ಕೃತಿಯನ್ನೇ ಕಂಠಪಾಠ ಮಾಡಿ ನುಡಿಸುತ್ತಾರೆ. ಕೈ ತಪ್ಪಿದರೆ ಧ್ವನಿ ತಪ್ಪುತ್ತದೆಯೇ, ಅಷ್ಟು ನೋಡಿ. ಹೌದಾದರೆ ಅದು ನೇರ. ತಕ್ಷಣ ಕಟ್ಟುವ ಶಕ್ತಿ ಬೇರೆ ಗುಣ, ಅದಕ್ಕೆ ಬೇರೆ ಅಂಕ ಇಡಿ.

---

ಪಿಚ್‌ಫೇಡರ್

ಪತ್ತೆ ಹಚ್ಚಲು ಸೆಟ್ಟಿನ ರಚನೆಯನ್ನೇ ಬದಲಿಸಿ. 15 ನಿಮಿಷ ಕೊಡಿ. ಮೊದಲ 10 ಅವರ ಇಷ್ಟ. ಕೊನೆಯ 5ಕ್ಕೆ, ಸ್ಪರ್ಧಿ ಮುಂಚೆ ಸಲ್ಲಿಸಿದ 20 ಟ್ರ್ಯಾಕ್‌ಗಳ ಪಟ್ಟಿಯಿಂದ ತೀರ್ಪುಗಾರರು ಸ್ಥಳದಲ್ಲೇ ಮೂರು ಆರಿಸಲಿ. ತನ್ನ ಸಂಗ್ರಹ ಬಲ್ಲವರಿಗೆ ಇದು ಭಾರವಲ್ಲ, ರೆಕಾರ್ಡ್ ಹಾಕುವವರಿಗೆ ದಾರಿಯೇ ಇಲ್ಲ. ಪೂರ್ತಿ ಅಪರಿಚಿತ ಟ್ರ್ಯಾಕ್ ಕೊಡಬೇಡಿ. ಅದರ ರಚನೆ ಗೊತ್ತಿಲ್ಲದೆ ಫ್ರೇಸ್ ಹೊಂದಿಸಲು ಹೇಳುವುದು ಕೌಶಲದ ಪರೀಕ್ಷೆ ಆಗುವುದಿಲ್ಲ, ಅದೃಷ್ಟದ ಪರೀಕ್ಷೆ ಆಗುತ್ತದೆ.

ಇನ್ನೊಂದು ಸುಲಭದ ಉಪಾಯ: ಎರಡು ಟ್ರ್ಯಾಕ್ ಒಟ್ಟಿಗೆ ಓಡುವಾಗ ತೀರ್ಪುಗಾರರು ಕೈ ತೋರಿಸಿದ ಕೂಡಲೇ ಒಂದು ಚಾನಲ್ ಫೇಡರ್ ಇಳಿಸಲಿ. ಮೊದಲೇ ಬೆರೆತ ಫೈಲ್ ಆದರೆ ಎರಡೂ ಹೋಗುತ್ತವೆ, ಅಥವಾ ಏನೂ ಆಗುವುದಿಲ್ಲ. ಚಾನಲ್ ಮೀಟರ್ ನೋಡಿದರೂ ತಿಳಿಯುತ್ತದೆ: ಮಿಶ್ರಣ ನಡೆದಿದೆ ಎನ್ನುವ ಹೊತ್ತಿನಲ್ಲಿ ಒಂದೇ ಚಾನಲ್‌ನ ದೀಪ ಕುಣಿಯುತ್ತಿದ್ದರೆ ಅನುಮಾನಿಸಿ.

ಕ್ಯಾಮೆರಾ ಮಿಕ್ಸರ್‌ಗೆ ನೇರ ಮೇಲಿರಲಿ, ಎದುರಿಗಲ್ಲ. ಎದುರಿನಿಂದ ತೆಗೆದರೆ ಮುಖ ಕಾಣುತ್ತದೆ, ಬೆರಳು ಕಾಣುವುದಿಲ್ಲ.

---

ಬಫರ್128

ಲ್ಯಾಪ್‌ಟಾಪ್‌ನವರಿಗೆ ಇಷ್ಟು ಸೇರಿಸಿ. ಪರದೆಯನ್ನು ಪ್ರೊಜೆಕ್ಟರ್‌ಗೆ ಕೊಡಲೇಬೇಕು. ಸೆಟ್ ಶುರುವಾಗುವ ಮೊದಲು ಪ್ರಾಜೆಕ್ಟ್ ತೆರೆದು ತೋರಿಸಲಿ, ಅತಿ ಉದ್ದದ ಕ್ಲಿಪ್ 8 ಬಾರ್ ಮೀರಬಾರದು ಎಂಬ ಮಿತಿ ಹಾಕಿ. ಇದರಿಂದ ಪೂರ್ತಿ ಹಾಡನ್ನು ಒಂದೇ ಕ್ಲಿಪ್ ಮಾಡಿ ಬಿಡುವುದು ತಪ್ಪುತ್ತದೆ. ವೈಫೈ, ಸ್ಲೀಪ್, ನೋಟಿಫಿಕೇಶನ್ ಆಫ್ ಮಾಡಿಸಿ. ಚಾರ್ಜರ್‌ನಿಂದ ಹಮ್ ಬಂದರೆ ಗ್ರೌಂಡ್ ಲಿಫ್ಟ್ (ನೆಲದ ತಂತಿಯ ಕೊಂಡಿ ಬಿಡಿಸುವ ಸ್ವಿಚ್) ಇರುವ ಡಿಐ ಬಾಕ್ಸ್ ಮೂಲಕ ಲೈನ್ ಕೊಡಿ, ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಲು ಹೋಗಬೇಡಿ, ಕೆಲವು ಯಂತ್ರಗಳು ಬ್ಯಾಟರಿಯಲ್ಲಿ ಪ್ರೊಸೆಸರ್ ವೇಗ ಇಳಿಸಿ ಧ್ವನಿ ಪಟಪಟ ಎನ್ನುವಂತೆ ಮಾಡುತ್ತವೆ.

ಆಮೇಲೆ ಮೇಲ್ಮನವಿ ಬಂದರೆ ಕೇಳಲು ರೆಕಾರ್ಡಿಂಗ್ ಬೇಕಾಗುತ್ತದೆ. ಅದನ್ನು ಮಿಕ್ಸರ್‌ನ ರೆಕ್ ಔಟ್‌ನಿಂದ ತೆಗೆಯಿರಿ. ಸಾಮಾನ್ಯವಾಗಿ ಮಾಸ್ಟರ್ ಗುಂಡಿಯ ಏರಿಳಿತ ಅಲ್ಲಿಗೆ ತಾಗುವುದಿಲ್ಲ. ಹೆಡ್‌ಫೋನ್ ಔಟ್‌ಪುಟ್ ಎರಡಿರುವ ಮಿಕ್ಸರ್ ಆದರೆ ಎರಡನೆಯದನ್ನು ಇನ್ನೊಂದು ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಿಡಿ: ಸ್ಪರ್ಧಿ ಬರುವ ಟ್ರ್ಯಾಕನ್ನು ಕಿವಿಯಲ್ಲಿ ಹೇಗೆ ಹೊಂದಿಸಿದರು, ಹೊಂದಿಸಿದರೋ ಇಲ್ಲವೋ ಎನ್ನುವುದು ಪೂರ್ತಿ ಅದರಲ್ಲಿರುತ್ತದೆ.